ಫ್ರಾಸ್ಟ್ ಫ್ರೀ ಫ್ರಿಜ್: ಎರಡು ವರ್ಷ ಬಳಸಿದ ಮೇಲೆ

ಮನೆಬಳಕೆಯ ಸಾಮಾನುಗಳ ಕೈಪಿಡಿಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ‘ಫ್ರಾಸ್ಟ್’ ಬಂದಾಗಲೆಲ್ಲ ಕೈ ನಿಲ್ಲುತ್ತದೆ. ಹಿಮ ಅಂದರೆ ಆಕಾಶದಿಂದ ಬೀಳುವಂಥದ್ದು. ಇಬ್ಬನಿ ನೀರು. ಮಂಜು ಅಂದರೆ ಎಲ್ಲವೂ ಹೌದು. ಫ್ರಾಸ್ಟ್ ಬೇರೆಯೇ. ಗಾಳಿಯಲ್ಲಿರುವ ನೀರಾವಿ ಸೊನ್ನೆ ಡಿಗ್ರಿಗಿಂತ ತಣ್ಣಗಿರುವುದನ್ನು ತಾಗಿ, ನಡುವೆ ನೀರಾಗದೆ ನೇರ ಹರಳಾಗುತ್ತದೆ, ಅದು ಫ್ರಾಸ್ಟ್. ಹಾಗಾಗಿ 260 ಲೀಟರಿನ ಈ ಫ್ರಿಜ್ ಮನೆಗೆ ಬಂದಾಗ ನನ್ನ ಕಣ್ಣು ಮೊದಲು ಹೋಗಿದ್ದು ಬಾಗಿಲ ಮೇಲಿನ ‘ಫ್ರಾಸ್ಟ್ ಫ್ರೀ’ ಅನ್ನೋ ಚೀಟಿಗೆ.

ಹಳೇ ಫ್ರಿಜ್‌ನಲ್ಲಿ ಆಗಾಗ ಸ್ವಿಚ್ ಆಫ್ ಮಾಡಿ, ಕೆಳಗೆ ಬಟ್ಟೆ ಹಾಸಿ, ಐಸ್ ಕರಗುವ ತನಕ ಕಾಯಬೇಕಿತ್ತು. ಒಮ್ಮೆ ಅವಸರಕ್ಕೆ ಚಾಕುವಿನಿಂದ ಕೆರೆದೆ. ಕೊಳವೆ ತೂತಾಗಿ ಗ್ಯಾಸೆಲ್ಲ ಹೋಯಿತು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಹೊಸದರಲ್ಲಿ ಆ ಕಷ್ಟ ಇಲ್ಲ. ಆದರೆ ಎರಡನೇ ವರ್ಷ ತರಕಾರಿ ಡಬ್ಬದ ಕೆಳಗೆ ನೀರು ನಿಲ್ಲತೊಡಗಿತು. ಮೆಕ್ಯಾನಿಕ್ ಫ್ರೀಜರ್‌ನ ಹಿಂದಿನ ಹಲಗೆ ಬಿಚ್ಚಿದರು. ಒಳಗೆ ಅಲ್ಯೂಮಿನಿಯಂ ರೆಕ್ಕೆಗಳ ತುಂಬ ಬೆಳ್ಳಗೆ ಫ್ರಾಸ್ಟ್! ಅದರ ಕೆಳಗೇ ಒಂದು ಹೀಟರ್. ಅಂದರೆ ಫ್ರಾಸ್ಟ್ ಇಲ್ಲವೆಂದಲ್ಲ, ನಮಗೆ ಕಾಣದ ಕಡೆ ಕಟ್ಟುತ್ತದೆ. ಆಗಾಗ ಹೀಟರ್ ಹೊತ್ತಿ ಅದನ್ನು ಕರಗಿಸುತ್ತದೆ. ಕರಗಿದ ನೀರು ಪೈಪಿನಲ್ಲಿ ಇಳಿದು, ಕಂಪ್ರೆಸರ್ ಪಕ್ಕದ ತಟ್ಟೆ ಸೇರಿ, ಆ ಬಿಸಿಗೇ ಆರಿಹೋಗುತ್ತದೆ. ನಮ್ಮದರಲ್ಲಿ ಪೈಪು ಕಟ್ಟಿಕೊಂಡಿತ್ತು, ಅಷ್ಟೇ. ರಾತ್ರಿ ಫ್ರಿಜ್‌ನೊಳಗಿನ ಫ್ಯಾನ್ ನಿಂತ ಮೇಲೆ ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ ‘ಚುಂಯ್’ ಅಂತಿದ್ದುದು ಏನೆಂದು ಆಗ ಗೊತ್ತಾಯಿತು. ಹೀಟರ್ ಮೇಲೆ ಬೀಳುವ ಹನಿಗಳು.

ತಣ್ಣಗಿನ ಪೆಟ್ಟಿಗೆಯೊಳಗೆ ಬೆಂಕಿಯ ಕೆಲಸ! ಅವತ್ತೇ ಕೂತು ಪದದ ಬೇರು ಹುಡುಕಿದೆ. ಜರ್ಮನ್‌ನಲ್ಲೂ ‘ಫ್ರಾಸ್ಟ್’, ಡಚ್‌ನಲ್ಲಿ ‘ವೋರ್ಸ್ಟ್’. ಹಳೆಯ ಇಂಗ್ಲಿಷಿನಲ್ಲಿ ‘ಫೋರ್ಸ್ಟ್’ ಅಂತಲೂ ಇತ್ತು. ಎಲ್ಲವೂ ‘ಫ್ರೀಜ್’ ಪದದ ಒಡಹುಟ್ಟುಗಳು. ಇನ್ನೂ ಹಿಂದೆ ಹೋದರೆ ಭಾಷಾ ವಿದ್ವಾಂಸರು ‘ಪ್ರೆಯುಸ್’ ಅನ್ನುವ ಬೇರು ತೋರಿಸುತ್ತಾರೆ. ಅದಕ್ಕೆ ಹೆಪ್ಪುಗಟ್ಟುವುದು, ಸುಡುವುದು, ಎರಡೂ ಅರ್ಥ. ಲ್ಯಾಟಿನ್‌ನ ‘ಪ್ರುಯಿನಾ’ ಅಂದರೆ ಫ್ರಾಸ್ಟ್, ‘ಪ್ರುನಾ’ ಅಂದರೆ ಕೆಂಡ. ಸಂಸ್ಕೃತದ ‘ಪ್ಲೋಷ’ ಅಂದರೆ ಸುಡುವುದು, ಅದೂ ಇದೇ ಬಳಗ. ಐಸ್ ತುಂಡು ಗಟ್ಟಿಯಾಗಿ ಹಿಡಿದರೆ ಕೈ ಉರಿಯುತ್ತೆ ಅಲ್ವಾ? ಆ ಉರಿಯೇ ಪದದಲ್ಲಿ ಕೂತಿದೆ ಅಂತ ನನಗನ್ನಿಸುತ್ತದೆ.

ಒಂದು ದೂರು ಇದೆ. ಫ್ಯಾನಿನ ಒಣಗಾಳಿಗೆ ಸರಿಯಾಗಿ ಸುತ್ತದ ಬಟಾಣಿ ಬೇಗ ಬಿಳಿಚಿ, ಸುಕ್ಕುಗಟ್ಟುತ್ತದೆ. ಅದನ್ನೂ ‘ಫ್ರೀಜರ್ ಬರ್ನ್’ ಅಂತಾರೆ, ಅಲ್ಲೂ ಸುಡುವ ಮಾತೇ. ಗಾಳಿ ತೆಗೆದು ಬಿಗಿಯಾಗಿ ಮುಚ್ಚಿಡಿ. ಸದ್ದು ಸ್ವಲ್ಪ ಜಾಸ್ತಿ, ಮಲಗುವ ಕೋಣೆ ಹತ್ತಿರ ಬೇಡ. ಉಳಿದಂತೆ ಕಣ್ಣುಮುಚ್ಚಿ ಕೊಳ್ಳಬಹುದು.

ಕೈಪಿಡಿಗಳಲ್ಲಿ ನಾನೀಗ ‘ಮಂಜುಮುಕ್ತ’ ಬರೆಯುವುದು ಬಿಟ್ಟಿದ್ದೇನೆ. ‘ಕಟ್ಟಿದ ಮಂಜನ್ನು ತಾನೇ ಕರಗಿಸಿಕೊಳ್ಳುವ ಫ್ರಿಜ್’ ಅಂತ ಬರೆಯುತ್ತೇನೆ.