ಹೈಡಾ ಮನೆ ನೋಡಲು ಕಸಾನ್‌ಗೋ, ಸ್ಗಾಂಗ್ ಗ್ವಾಯ್‌ಗೋ?

ಉತ್ತರ ಅಮೆರಿಕದ ವಾಯವ್ಯ ಕರಾವಳಿಯ ಮೂಲನಿವಾಸಿಗಳಾದ ಹೈಡಾ ಜನರ ಹಳೆಯ ಕುಲದ ಮನೆಗಳನ್ನು ಹೇಗೆ ಉಳಿಸಿಕೊಳ್ಳುತ್ತಾರೆ ಅಂತ ತಿಳಿಯಬೇಕಾದರೆ ಈ ಎರಡು ಜಾಗ ನೋಡಬೇಕು. ಎರಡರ ದಾರಿಯೂ ಪೂರ್ತಿ ಬೇರೆ.

ಅಲಾಸ್ಕಾದ ಕಸಾನ್‌ನಲ್ಲಿರುವ ‘ತಿಮಿಂಗಿಲ ಮನೆ’ ಎಂಬ ಕುಲದ ಮನೆಯನ್ನು ಮುಖಂಡ ಸಾನಿಹ್ಯಾಟ್ 1880ರ ಹೊತ್ತಿಗೆ ಕಟ್ಟಿಸಿದರು. 1938ರಲ್ಲಿ ಸರ್ಕಾರಿ ಯೋಜನೆಯಡಿ ಅದರ ದುರಸ್ತಿ ಶುರುವಾಯಿತು. ಅಲ್ಲಿ ಮಳೆ ಜಾಸ್ತಿ ಅಲ್ವಾ, ಮರ ಮತ್ತೆ ಕೊಳೆಯಿತು. ಇನ್ನೊಮ್ಮೆ ದುರಸ್ತಿಯಾಗಿ 2016ರಲ್ಲಿ ಮನೆ ಮತ್ತೆ ತೆರೆಯಿತು. ಗಟ್ಟಿಯಿದ್ದ ಹಳೆಯ ಮರವನ್ನು ಉಳಿಸಿಕೊಂಡು, ಕೆಟ್ಟದ್ದಕ್ಕೆ ಮಾತ್ರ ಹೊಸ ಸೀಡರ್ ಮರ ಹಾಕಿದರು. ಬಾಚಿ ಹಿಡಿದು ಕೈಯಿಂದಲೇ ಕೆತ್ತಿದರು. ಊರಿನ ಎಳೆಯರು ಜೊತೆಗಿದ್ದು ಕೆಲಸ ಕಲಿತರು. ನನ್ನ ಪ್ರಕಾರ ಇದೇ ದೊಡ್ಡ ಲಾಭ, ಮನೆಯ ಜೊತೆ ಕಸುಬೂ ಉಳಿಯಿತು.

ಕೆನಡಾದ ಹಳೆಯ ಹೈಡಾ ಹಳ್ಳಿ ಸ್ಗಾಂಗ್ ಗ್ವಾಯ್ 1981ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಲ್ಲಿನ ಮನೆಗಳನ್ನು ಮತ್ತೆ ಕಟ್ಟಿಲ್ಲ. ಬಿದ್ದ ತೊಲೆಗಳ ಮೇಲೆ ಪಾಚಿ, ಕಂಬಗಳು ವಾಲಿವೆ. ಬೇಸಿಗೆಯಲ್ಲಿ ಹೈಡಾ ಕಾವಲುಗಾರರು ಅಲ್ಲೇ ಉಳಿದು ನೋಡಿಕೊಳ್ಳುತ್ತಾರೆ. ಮರ ನಿಧಾನವಾಗಿ ಮಣ್ಣು ಸೇರಲಿ ಎಂಬ ನಿಲುವು ಹೈಡಾ ಜನರದ್ದೇ, ಅದನ್ನು ಅಲಕ್ಷ್ಯ ಅನ್ನಬೇಡಿ.

ಮರಗೆಲಸ, ಜೋಡಣೆ ಹತ್ತಿರದಿಂದ ನೋಡಬೇಕೆಂದರೆ ಕಸಾನ್‌ಗೆ ಹೋಗಿ. ಅಲಾಸ್ಕಾದ ಕೆಚಿಕನ್ ಪಟ್ಟಣದಿಂದ ದೋಣಿ ಹಿಡಿದು, ಆಮೇಲೆ ರಸ್ತೆಯಲ್ಲೇ ತಲುಪಬಹುದು. ಇಡೀ ಹಳ್ಳಿಯ ವಿನ್ಯಾಸ ಅರ್ಥವಾಗಬೇಕೆಂದರೆ ಸ್ಗಾಂಗ್ ಗ್ವಾಯ್. ಅಲ್ಲಿಗೆ ರಸ್ತೆಯಿಲ್ಲ, ಮೊದಲೇ ಅನುಮತಿ ಬೇಕು.