ರೋಧವನ್ನು ಮೀಟರಿನಲ್ಲಿ ಓದುವುದೋ, ವೋಲ್ಟೇಜು ಕರೆಂಟುಗಳಿಂದ ಲೆಕ್ಕ ಹಾಕುವುದೋ?

ರೋಧಕವೊಂದರ ರೋಧ ಎಷ್ಟು, ಅದರಲ್ಲಿ ಎಷ್ಟು ವ್ಯಾಟ್ ಖರ್ಚಾಗುತ್ತಿದೆ ಎಂದು ತಿಳಿಯಲು ಎರಡು ದಾರಿಗಳಿವೆ. ಮಲ್ಟಿಮೀಟರನ್ನು ಓಮ್ ಸ್ಥಾನಕ್ಕೆ ತಿರುಗಿಸಿ ರೋಧವನ್ನು ನೇರವಾಗಿ ಓದಿ, ಅದರಿಂದ ಸಾಮರ್ಥ್ಯವನ್ನು, ಅಂದರೆ ವ್ಯಾಟನ್ನು, ಲೆಕ್ಕ ಹಾಕುವುದು ಒಂದು. ಕರೆಂಟ್ ಹರಿಯುತ್ತಿರುವಾಗಲೇ ವೋಲ್ಟೇಜನ್ನೂ ಕರೆಂಟನ್ನೂ ಅಳೆದು, ಭಾಗಿಸಿ ರೋಧವನ್ನೂ ಗುಣಿಸಿ ಸಾಮರ್ಥ್ಯವನ್ನೂ ಪಡೆಯುವುದು ಇನ್ನೊಂದು. 4.7 ಓಮಿನ 10 ವ್ಯಾಟ್ ರೋಧಕ, 12 ವೋಲ್ಟಿನ 21 ವ್ಯಾಟ್ ವಾಹನದ ಬಲ್ಬು, 1 ಮೆಗಾಓಮಿನ ರೋಧಕ, ಈ ಮೂರರ ಮೇಲೆ ಎರಡೂ ಕ್ರಮಗಳನ್ನು ಪ್ರಯೋಗಿಸಿ ನೋಡಿದ್ದೇನೆ.

ಮೊದಲು 4.7 ಓಮಿನ ರೋಧಕ. ಮೀಟರು 5.0 ಎಂದು ತೋರಿಸಿತು. ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿದಾಗಲೂ ಪರದೆಯ ಮೇಲೆ 0.3 ಉಳಿಯುತ್ತಿತ್ತು; ಅದು ಮೀಟರಿನ ತಂತಿಗಳದ್ದೇ ರೋಧ. ಅದನ್ನು ಕಳೆದರೆ ಸರಿಯಾದ ಉತ್ತರ ಬರುತ್ತದೆ, ಆದರೆ ಕಳೆಯಲು ಮರೆಯುವವರೇ ಹೆಚ್ಚು, ನಾನೂ ಅವರಲ್ಲೊಬ್ಬನಾಗಿದ್ದೆ. ಅನಂತರ ಅದೇ ರೋಧಕಕ್ಕೆ ವಿದ್ಯುತ್ ಕೊಟ್ಟು, ಆಮ್ಮೀಟರನ್ನು ಸರಣಿಯಲ್ಲಿ ಸೇರಿಸಿದೆ. ಕರೆಂಟ್ 1.02 ಆಂಪಿಯರ್. ವೋಲ್ಟ್‌ಮೀಟರನ್ನು ವಿದ್ಯುತ್ ಮೂಲದ ತುದಿಗಳಿಗೆ ಹಿಡಿದಾಗ 5.02 ವೋಲ್ಟ್ ಬಂತು, ಭಾಗಿಸಿದರೆ 4.92 ಓಮ್. ಅದೇ ಮೊನೆಗಳನ್ನು ರೋಧಕದ ಕಾಲುಗಳಿಗೇ ಒತ್ತಿ ಹಿಡಿದಾಗ 4.80 ವೋಲ್ಟ್ ಬಂತು, ಭಾಗಿಸಿದರೆ 4.71 ಓಮ್. ನಡುವಿನ 0.22 ವೋಲ್ಟ್ ಆಮ್ಮೀಟರಿನಲ್ಲೂ ಅದರ ತಂತಿಗಳಲ್ಲೂ ಕಳೆದುಹೋಗಿತ್ತು. ವೋಲ್ಟ್‌ಮೀಟರಿನ ತಂತಿಗಳಲ್ಲಿ ಹರಿಯುವ ಕರೆಂಟ್ ನಗಣ್ಯವಾದ್ದರಿಂದ ಅವುಗಳ ರೋಧ ಉತ್ತರವನ್ನು ಕೆಡಿಸುವುದಿಲ್ಲ. ಸಣ್ಣ ರೋಧಗಳಿಗೆ ಲೆಕ್ಕದ ದಾರಿಯೇ ಮೇಲು ಎನ್ನಲು ನನಗೆ ಇಷ್ಟು ಸಾಕು.

ಸಾಮರ್ಥ್ಯದ ವಿಷಯದಲ್ಲಿ ಮೂರು ಸೂತ್ರಗಳು ಸ್ಪರ್ಧೆಗೆ ನಿಲ್ಲುತ್ತವೆ: ವೋಲ್ಟೇಜನ್ನು ಕರೆಂಟಿನಿಂದ ಗುಣಿಸುವುದು, ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸುವುದು, ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸುವುದು. ರೋಧ 4.7 ಎಂದು ಸರಿಯಾಗಿ ತಿಳಿದಿದ್ದಾಗ ಮೂರೂ 4.9 ವ್ಯಾಟಿನ ಆಸುಪಾಸಿನಲ್ಲೇ ಬಂದವು. ಆದರೆ ಮೀಟರು ತೋರಿದ 5.0 ಓಮನ್ನು ಹಾಗೆಯೇ ನಂಬಿದಾಗ ಎರಡನೆಯ ಸೂತ್ರ 5.20 ವ್ಯಾಟ್ ಎಂದಿತು, ಮೂರನೆಯದು 4.61 ವ್ಯಾಟ್ ಎಂದಿತು. ರೋಧದ ತಪ್ಪು ಒಂದರಲ್ಲಿ ಉತ್ತರವನ್ನು ಮೇಲಕ್ಕೂ ಇನ್ನೊಂದರಲ್ಲಿ ಕೆಳಕ್ಕೂ ಎಳೆಯುತ್ತದೆ. ವರ್ಗ ಮಾಡುವುದರಿಂದ ಇನ್ನೊಂದು ತೊಡಕೂ ಇದೆ: ಕರೆಂಟಿನ ಓದಿನಲ್ಲಿ ಶೇಕಡಾ 2ರಷ್ಟು ತಪ್ಪಿದ್ದರೆ ಉತ್ತರದಲ್ಲಿ ಅದು ಸುಮಾರು ಶೇಕಡಾ 4 ಆಗುತ್ತದೆ. ವೋಲ್ಟೇಜು ಮತ್ತು ಕರೆಂಟುಗಳ ನೇರ ಗುಣಾಕಾರದಲ್ಲಿ ರೋಧದ ಗೊಡವೆಯೇ ಇಲ್ಲ.

ಎರಡು ದಾರಿಗಳು ಸಂಪೂರ್ಣವಾಗಿ ಬೇರೆಯಾದದ್ದು ಬಲ್ಬಿನಲ್ಲಿ. ಆರಿದ ಬಲ್ಬನ್ನು ಮೀಟರಿಗೆ ಹಿಡಿದು, ತಂತಿಯ ರೋಧವನ್ನು ಈ ಸಲ ಮರೆಯದೆ ಕಳೆದಾಗ 0.6 ಓಮ್ ಉಳಿಯಿತು. 12ರ ವರ್ಗವಾದ 144ನ್ನು ಇದರಿಂದ ಭಾಗಿಸಿದರೆ 240 ವ್ಯಾಟ್ ಆಗುತ್ತದೆ. ಬಲ್ಬಿನ ಮೇಲೆ ಮುದ್ರಿಸಿರುವುದು 21. ಲೆಕ್ಕದಲ್ಲಿ ತಪ್ಪಿರಲಿಲ್ಲ, ಮೀಟರೂ ಸುಳ್ಳು ಹೇಳಿರಲಿಲ್ಲ, ಆದರೆ ನಾನು ಅಳೆದದ್ದು ತಣ್ಣಗಿನ ಟಂಗ್‌ಸ್ಟನ್ ಎಳೆಯನ್ನು. ಬಲ್ಬನ್ನು 12 ವೋಲ್ಟಿನಲ್ಲಿ ಬೆಳಗಿಸಿ ಅಳೆದಾಗ ಕರೆಂಟ್ 1.75 ಆಂಪಿಯರ್ ಇತ್ತು. ಅಂದರೆ ಸಾಮರ್ಥ್ಯ 21 ವ್ಯಾಟ್, ರೋಧ 6.86 ಓಮ್. ಕಾದ ಎಳೆಯ ರೋಧ ಹನ್ನೊಂದು ಪಟ್ಟಿಗೂ ಹೆಚ್ಚಾಗಿತ್ತು. ವೋಲ್ಟೇಜನ್ನು 3ಕ್ಕೆ ಇಳಿಸಿದಾಗ ಎಳೆ ಕೆಂಪಗೆ ಮಂಕಾಗಿ ಉರಿಯುತ್ತ 0.8 ಆಂಪಿಯರ್ ಎಳೆಯಿತು, ರೋಧ 3.75 ಓಮಿಗೆ ಬಂದಿತ್ತು. ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವನ್ನು ನಾವು ಶಾಲೆಯಲ್ಲಿ ಒಪ್ಪಿಸುವಾಗ ‘ಉಷ್ಣತೆ ಸ್ಥಿರವಾಗಿರುವಾಗ’ ಎಂಬ ಮಾತನ್ನು ಗಡಿಬಿಡಿಯಲ್ಲಿ ದಾಟಿಬಿಡುತ್ತೇವೆ. ಅದರ ತೂಕ ನನಗೆ ಗೊತ್ತಾದದ್ದು ಈ ಬಲ್ಬಿನಿಂದ.

ಮೆಗಾಓಮಿನ ರೋಧಕದಲ್ಲಿ ಮಾತ್ರ ಓಮ್ ಸ್ಥಾನವೇ ಗೆದ್ದಿತು. 0.3 ಓಮಿನ ತಂತಿ ಅಲ್ಲಿ ಲೆಕ್ಕಕ್ಕೇ ಇಲ್ಲ. ಎರಡೂ ಮೊನೆಗಳನ್ನು ಬರಿಗೈಯಿಂದ ಮುಟ್ಟದಿದ್ದರಾಯಿತು, ಏಕೆಂದರೆ ಮುಟ್ಟಿದರೆ ಮೈಯ ರೋಧವೂ ಸಮಾಂತರವಾಗಿ ಸೇರಿ ಓದು ಇಳಿಯುತ್ತದೆ. ಲೆಕ್ಕದ ದಾರಿಯಲ್ಲಿ, ವೋಲ್ಟ್‌ಮೀಟರನ್ನು ಮೊದಲಿನಂತೆ ರೋಧಕದ ಕಾಲುಗಳಿಗೇ ಜೋಡಿಸಿದಾಗ 9.0 ವೋಲ್ಟಿಗೆ 9.9 ಮೈಕ್ರೋಆಂಪಿಯರ್ ಬಂತು, ಉತ್ತರ 0.91 ಮೆಗಾಓಮ್. ಆ ಹೆಚ್ಚಿನ 0.9 ಮೈಕ್ರೋಆಂಪಿಯರ್ 10 ಮೆಗಾಓಮ್ ರೋಧವುಳ್ಳ ವೋಲ್ಟ್‌ಮೀಟರಿನ ಮೂಲಕವೇ ಹರಿದಿತ್ತು. ಅದನ್ನು ಆಮ್ಮೀಟರಿನ ಆಚೆಗೆ, ಮೂಲದ ತುದಿಗಳಿಗೆ ಸರಿಸಿದ ಮೇಲೆ ಕರೆಂಟ್ 9.0ಕ್ಕೆ ಇಳಿದು ಸರಿಯಾದ 1 ಮೆಗಾಓಮ್ ಬಂತು. ಸಣ್ಣ ರೋಧಕ್ಕೆ ಕೆಟ್ಟದ್ದಾಗಿದ್ದ ಜೋಡಣೆಯೇ ದೊಡ್ಡ ರೋಧಕ್ಕೆ ಒಳ್ಳೆಯದಾಯಿತು.

ಇದೆಲ್ಲ ನೇರ ವಿದ್ಯುತ್ತಿನ ಮಾತು. ಪರ್ಯಾಯ ವಿದ್ಯುತ್ತಿನಲ್ಲಿ ಓಡುವ ಮೋಟಾರಿಗೆ ಎರಡೂ ದಾರಿಗಳು ಸಲ್ಲುವುದಿಲ್ಲ: ಸುರುಳಿಯ ಓಮ್ ಓದಿನಿಂದ ಸಾಮರ್ಥ್ಯ ತಿಳಿಯದು, ವೋಲ್ಟೇಜು ಕರೆಂಟುಗಳ ಗುಣಲಬ್ಧವು ವೋಲ್ಟ್-ಆಂಪಿಯರ್ ಆಗುತ್ತದೆಯೇ ಹೊರತು ವ್ಯಾಟ್ ಆಗುವುದಿಲ್ಲ. ವೋಲ್ಟ್-ಆಂಪಿಯರಿನಲ್ಲಿ ಎಷ್ಟು ಪಾಲು ವ್ಯಾಟ್ ಎಂದು ಹೇಳುವ ಪವರ್ ಫ್ಯಾಕ್ಟರ್ ತಿಳಿಯದಿದ್ದಲ್ಲಿ ನಾನು ವ್ಯಾಟ್‌ಮೀಟರನ್ನೇ ಜೋಡಿಸುತ್ತೇನೆ.