ಆನೆಗೊಂದಿ ಗುಡ್ಡದಲ್ಲಿ ಬಿಲ್ಲು ಹಿಡಿಯುವ ಮುಂಚೆ ಗುರಿಹಲಗೆಯ ಹಿಂದೆ ಏನಿದೆ ನೋಡಿ

ರಜೆ ಬಂತೆಂದರೆ ಅಂಜನಾದ್ರಿ, ಆನೆಗೊಂದಿ, ಸಾಣಾಪುರದ ಕಡೆ ಜನವೋ ಜನ. ಮೊದಲೆಲ್ಲ ಬೆಟ್ಟ ಹತ್ತುವುದು, ಹರಿಗೋಲಿನಲ್ಲಿ ಕೂರುವುದು, ಪಂಪಾ ಸರೋವರ ನೋಡಿ ಮನೆಗೆ ಬರುವುದು, ಇಷ್ಟೇ ಇತ್ತು. ಈಗ ಕೆಲವು ಕಡೆ ಕಾಡಿನೊಳಗೆ ಕರೆದುಕೊಂಡು ಹೋಗಿ ಬಿಲ್ಲು-ಬಾಣ ಕೊಡುತ್ತಾರೆ. ಗೈಡ್ ಜೊತೆಗಿರುತ್ತಾನೆ, ಮಕ್ಕಳಿಗೂ ಹೇಳಿಕೊಡುತ್ತಾರೆ ಅನ್ನುತ್ತಾರೆ. ಅಂಥ ಒಂದು ಜಾಗದಲ್ಲಿ ನನ್ನ ತಮ್ಮನ ಅಂಗೈಗೆ ಬಾಣದ ಚೂರುಗಳು ಹೊಕ್ಕವು. ದೂರು ಇನ್ನೂ ನಡೆಯುತ್ತಿರುವುದರಿಂದ ಜಾಗದ ಹೆಸರು ಹಾಕುತ್ತಿಲ್ಲ. ಆದರೆ ಅಲ್ಲಿ ನಡೆದಿದ್ದನ್ನು ಪೂರ್ತಿ ಬರೆಯುತ್ತೇನೆ. ನಿಮ್ಮ ಮನೆಯ ಮಕ್ಕಳನ್ನು ಕರೆದುಕೊಂಡು ಹೋಗುವ ಮುಂಚೆ ದಯವಿಟ್ಟು ಓದಿ.

ನಾವು ಸಿಂಧನೂರಿನವರು. ಹುಬ್ಬಳ್ಳಿಯಿಂದ ಅಕ್ಕ, ಭಾವ, ಅವರ ಮಗಳು ದಸರಾ ರಜೆಗೆ ಬಂದಿದ್ದರು. ರಸ್ತೆ ಬದಿಯ ಬೋರ್ಡಿನಲ್ಲಿ ರಾಮನ ಚಿತ್ರ, ಕೈಯಲ್ಲಿ ಬಿಲ್ಲು. ಕಿಷ್ಕಿಂಧೆಯ ಕಾಡಿನಲ್ಲಿ ಬಾಣ ಬಿಡಿ ಅಂತ ಬರೆದಿತ್ತು. ಆನೆಗೊಂದಿಯ ಚಿಂತಾಮಣಿಯಲ್ಲಿ ನಿಂತು ರಾಮ ವಾಲಿಗೆ ಬಾಣ ಬಿಟ್ಟ ಅಂತ ಇಲ್ಲಿನವರು ಹೇಳುತ್ತಾರಲ್ವಾ, ನಾವೂ ಚಿಕ್ಕಂದಿನಿಂದ ಕೇಳಿದ ಕಥೆ ಅದು. ಅಕ್ಕನ ಮಗಳಿಗೆ ಅದನ್ನು ಹೇಳಿದ ಮೇಲೆ ಅವಳು ಅಲ್ಲಿಂದ ಕದಲಲಿಲ್ಲ. ತಲೆಗೆ 500 ರೂಪಾಯಿ ಕೊಟ್ಟೆವು.

ಗುಡ್ಡದ ಹಿಂಭಾಗದಲ್ಲಿ ಕುರುಚಲು ಕಾಡು. ನಡುವೆ ಸ್ವಲ್ಪ ಬಯಲು ಮಾಡಿ ಹುಲ್ಲಿನ ಗುರಿಹಲಗೆ ನಿಲ್ಲಿಸಿದ್ದರು. ಅದರ ಹಿಂದೆ ಬಲೆ ಇಲ್ಲ, ಮಣ್ಣಿನ ದಿಬ್ಬ ಇಲ್ಲ. ಇದ್ದದ್ದು ದೊಡ್ಡ ಕಲ್ಲುಗುಂಡು. ಈ ಭಾಗದ ಗುಡ್ಡವೆಲ್ಲ ಗ್ರಾನೈಟ್ ಬಂಡೆ, ಎಲ್ಲಿ ನಿಂತರೂ ಹಿಂದೊಂದು ಬಂಡೆ ಇದ್ದೇ ಇರುತ್ತದೆ. ಬಂಡೆಯೇ ಗೋಡೆಯಾಯಿತು, ಬಾಣ ಆಚೆ ಹೋಗುವುದಿಲ್ಲ ಅನ್ನುವುದು ಗೈಡ್ ಮಾತು. ಅಂದು ನಡೆದ ಅನಾಹುತಕ್ಕೆಲ್ಲ ಮೂಲ ಆ ಬಂಡೆಯೇ.

ಮೊದಲನೇ ತೊಂದರೆ ಎಲ್ಲರ ಕಣ್ಣಿಗೂ ಕಾಣುವಂಥದ್ದು. ಗುರಿ ತಪ್ಪಿದ ಬಾಣ ಕಲ್ಲಿಗೆ ಬಡಿದರೆ ಯಾವ ಕಡೆ ಸಿಡಿಯುತ್ತದೆ ಅಂತ ಯಾರೂ ಹೇಳಲಾರರು. ಬಂಡೆಯ ಪಕ್ಕದಲ್ಲೇ ಒಂದು ಕಾಲುದಾರಿ ಇತ್ತು. ಭಾವ ಬಿಲ್ಲು ಎಳೆದು ನಿಂತಿದ್ದಾಗ ಅಲ್ಲಿಂದ ಕುರಿ ಬಂದವು, ಹಿಂದೆ ಕುರಿ ಕಾಯುವ ಹಿರಿಯರು. ನಾನು ಕೂಗಿಕೊಂಡೆ. ಭಾವ ಬಿಲ್ಲು ಇಳಿಸಿದರು. ಗೈಡ್ ಆಗ ಫೋನಿನಲ್ಲಿದ್ದ. "ಅಜ್ಜಾರಿಗೆ ಗೊತ್ತೈತ್ರಿ, ದಿನಾ ಇಲ್ಲೇ ಹೊಕ್ಕಾರ" ಅಂದ. ದಿನಾ ಜನ ಓಡಾಡುವ ದಾರಿಗೆ ಎದುರಾಗಿ ದಿನಾ ಬಾಣ ಬಿಡಿಸುತ್ತಿದ್ದಾರೆ ಅಂತಾಯಿತು. ಆ ಹಿರಿಯರು ಬೈಯಲೂ ಇಲ್ಲ, ಕುರಿಗಳನ್ನು ಬೇಗ ಬೇಗ ಹೊಡೆದುಕೊಂಡು ಹೋದರು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆರ್ಚರಿ ಮೈದಾನದಲ್ಲಿ ಇದಕ್ಕೆಲ್ಲ ಕಟ್ಟುನಿಟ್ಟಿನ ಪದ್ಧತಿ ಇದೆ. ಎರಡು ಸೀಟಿ ಹೊಡೆದರೆ ಗೆರೆಯ ಮೇಲೆ ಬಂದು ನಿಲ್ಲಬೇಕು. ಒಂದು ಸೀಟಿಗೆ ಬಾಣ ಬಿಡಬಹುದು. ಮೂರು ಸೀಟಿಗೆ ನಿಲ್ಲಿಸಿ ಬಾಣ ತರಲು ಹೋಗಬೇಕು. ಸೀಟಿ ಮೇಲೆ ಸೀಟಿ ಬಿದ್ದರೆ ಎಲ್ಲರೂ ತಕ್ಷಣ ನಿಲ್ಲಿಸಬೇಕು. ಕಾಡಿನೊಳಗೆ ಆಡುವ ಫೀಲ್ಡ್ ಆರ್ಚರಿಯೂ ಇದೆ, ಅದಕ್ಕೆ 1969ರಿಂದ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ. ಅಲ್ಲಿ 24 ಗುರಿಗಳು, ಸಣ್ಣ ಸಣ್ಣ ಗುಂಪು, ನಿಲ್ಲುವ ಜಾಗಕ್ಕೆ ಬಣ್ಣದ ಗೂಟ. ಒಂದು ಗುರಿಗೆ ಬಿಟ್ಟ ಬಾಣ ಇನ್ನೊಂದು ಗುಂಪು ನಡೆಯುವ ದಾರಿಗೆ ಹೋಗದ ಹಾಗೆ ಮೊದಲೇ ನೋಡಿ ಜಾಗ ಗೊತ್ತು ಮಾಡುತ್ತಾರೆ. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರದ ಗುರಿಗೆ ಹೊಡೆಯುತ್ತಾರೆ. ಸಾಧಾರಣ ಬಿಲ್ಲನ್ನೂ ಸ್ವಲ್ಪ ಮೇಲಕ್ಕೆತ್ತಿ ಬಿಟ್ಟರೆ ಬಾಣ 100 ಮೀಟರ್ ದಾಟಿ ಹೋಗುತ್ತದೆ. ಅಷ್ಟು ದೂರ ಹೋಗುವ ವಸ್ತುವನ್ನು ದನಕರು, ಜನ ತಿರುಗಾಡುವ ಕಡೆ ಕೊಡುವವನ ಹತ್ತಿರ ಸೀಟಿಯೂ ಇರಲಿಲ್ಲ.

ಅಕ್ಕನ ಮಗಳಿಗೆ ಕೊಟ್ಟ ಬಿಲ್ಲಿನ ವಿಷಯ ಹೇಳಲೇಬೇಕು. ಬಿಲ್ಲಿನ ಕೆಳಗಿನ ರೆಕ್ಕೆಯ, ಅಂದರೆ ಹಿಡಿಯ ಕೆಳಗೆ ಬಾಗುವ ಭಾಗದ ಒಳಮೈ ಮೇಲೆ ಅಂಕಿ ಬರೆದಿರುತ್ತದೆ. 68, 30 ಅಂತ ಇದ್ದರೆ ಬಿಲ್ಲಿನ ಉದ್ದ 68 ಇಂಚು, ಪೂರ್ತಿ ಎಳೆದಾಗ ಬೇಕಾಗುವ ಬಲ 30 ಪೌಂಡ್, ಅಂದರೆ ಹೆಚ್ಚುಕಡಿಮೆ 13.6 ಕೆ.ಜಿ. ಮಕ್ಕಳಿಗೆ 10ರಿಂದ 15 ಪೌಂಡಿನ ಬಿಲ್ಲು ಸಾಕು. ಹೊಸದಾಗಿ ಕಲಿಯುವ ದೊಡ್ಡವರಿಗೂ 20ರ ಆಸುಪಾಸಿನಿಂದ ಶುರು ಮಾಡಿಸುತ್ತಾರೆ. ಆ ಹುಡುಗಿಗೆ ಕೊಟ್ಟದ್ದು 30 ಪೌಂಡಿನದು. ಅವಳು ಮೈಯೆಲ್ಲ ಬಗ್ಗಿಸಿ ಎಳೆದಳು. ಹಾಗೆ ಎಳೆದಾಗ ಬಿಲ್ಲು ಹಿಡಿದ ಕೈಯ ಮೊಣಕೈ ಒಳಗೆ ತಿರುಗಿ ಬಿಡುತ್ತದೆ. ಬಿಟ್ಟ ತಕ್ಷಣ ನಾಣು ಬಂದು ಮುಂಗೈಗೆ ಬಾರುಕೋಲಿನ ಏಟು ಬಿದ್ದ ಹಾಗೆ ಬಡಿಯಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪು ಬರೆ, ಸಂಜೆಗೆ ನೀಲಿ. ಇದನ್ನು ತಡೆಯಲು ಆರ್ಮ್ ಗಾರ್ಡ್ ಅಂತ ಕೈಗೆ ಕಟ್ಟುವ ಪಟ್ಟಿ ಇದೆ. ಬೆರಳಿಗೆ ಚರ್ಮದ ಟ್ಯಾಬ್ ಇದೆ. ಅಲ್ಲಿ ಎರಡೂ ಇರಲಿಲ್ಲ. "ಮೊದ್ಲ ಸಲ ಎಲ್ಲಾರ್ಗೂ ಬಡೀತೈತ್ರಿ ಅಕ್ಕಾರ, ಏನೂ ಆಗಂಗಿಲ್ಲ" ಅಂತ ಗೈಡ್ ನಮ್ಮಕ್ಕನಿಗೆ ಸಮಾಧಾನ ಹೇಳಿದ.

ಅವಳ ಉದ್ದ ಜಡೆ ಎದೆ ಮುಂದೆ ಬಿದ್ದಿತ್ತು, ಕಿವಿಯಲ್ಲಿ ಝುಮುಕಿ. ಅಕ್ಕ ದುಪಟ್ಟಾ ಹಾಕಿದ್ದಳು. ನಾಣಿಗೆ ಇವೆಲ್ಲ ಸಿಕ್ಕಿಕೊಳ್ಳುತ್ತವೆ. ಜಡೆ ಹಿಂದೆ ಕಟ್ಟಿ, ಝುಮುಕಿ ಬಿಚ್ಚಿ, ದುಪಟ್ಟಾ ಸೊಂಟಕ್ಕೆ ಬಿಗಿದುಕೊಳ್ಳಿ ಅಂತ ಗೈಡ್ ಹೇಳಬೇಕಿತ್ತು. ಹೇಳಿದ್ದು ನಾನು.

ಬಾಣ ಹಿಡಿಯುವುದನ್ನೂ ಅವನು ಹೆಬ್ಬೆರಳು, ತೋರುಬೆರಳಿನಿಂದ ಚಿವುಟಿ ಹಿಡಿಯಲು ಕಲಿಸಿದ. ಇಂಥ ಬಿಲ್ಲಿಗೆ ತೋರುಬೆರಳು ಬಾಣದ ಮೇಲೆ, ನಡುವಿನ ಎರಡು ಬೆರಳು ಕೆಳಗೆ, ನಾಣನ್ನು ಎಳೆಯುವುದು ಆ ಮೂರೂ ಸೇರಿ. ಬಾಣದ ಮೂರು ಗರಿಗಳಲ್ಲಿ ಬೇರೆ ಬಣ್ಣದ ಒಂದು ಇರುತ್ತದೆ, ಅದು ಬಿಲ್ಲಿನಿಂದ ಹೊರಕ್ಕೆ ಮುಖ ಮಾಡಿರಬೇಕು. ಕಲಿಸುವವನಿಗೆ ಇದು ಗೊತ್ತಿಲ್ಲ ಅಂದರೆ ಅವನು ಎಲ್ಲೂ ಕಲಿತಿಲ್ಲ. ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ (ಎನ್‌ಐಎಸ್) ಆರ್ಚರಿ ಕೋಚ್‌ಗಳಿಗೆಂದೇ ಡಿಪ್ಲೊಮಾ ಇದೆ. ಪ್ರತಿ ರೆಸಾರ್ಟ್‌ನಲ್ಲೂ ಅಂಥವರೇ ಇರಬೇಕು ಅಂತ ನಾನು ಕೇಳುವುದಿಲ್ಲ. ಆದರೆ ಎಲ್ಲಿ, ಯಾರ ಹತ್ತಿರ ಕಲಿತಿರಿ ಅಂತ ಕೇಳಿದರೆ ಒಂದು ಉತ್ತರ ಇರಬೇಕಲ್ವಾ?

ಭಾವ ಎತ್ತರದ ಆಳು, ಉದ್ದ ಕೈ. ಅವರಿಗೆ ಕೊಟ್ಟ ಬಾಣ ಗಿಡ್ಡ. ಪೂರ್ತಿ ಎಳೆದಾಗ ಬಾಣದ ಮೊನೆ ಬಿಲ್ಲನ್ನು ದಾಟಿ ಹಿಂದೆ, ಅವರ ಎಡಗೈ ಹತ್ತಿರ ಬಂದಿತ್ತು. ಹಾಗೇ ಬಿಟ್ಟಿದ್ದರೆ ಮೊನೆ ನೇರ ಅವರ ಕೈಗೆ ನೆಡುತ್ತಿತ್ತು. ಪುಣ್ಯಕ್ಕೆ ಅವರು ನಿಧಾನವಾಗಿ ವಾಪಸ್ ಬಿಟ್ಟರು. ಹೊಸಬರಿಗೆ ಬಾಣ ಯಾವಾಗಲೂ ಕೈಯಳತೆಗಿಂತ ಕೆಲವು ಇಂಚು ಉದ್ದ ಇರಬೇಕು. ಕಲಿಸುವವನು ಕೈ ಚಾಚಿಸಿ ಅಳತೆ ನೋಡಬೇಕು.

ಇದಾದ ಮೇಲೆ ಸಾಕು ಅಂತ ಹೊರಟೆವು. ತಮ್ಮನ ಸರದಿ ಉಳಿದಿತ್ತು. ಅವನು ಕಾಲೇಜಿನಲ್ಲಿ ಜಾವೆಲಿನ್ ಎಸೆಯುವವನು, ತೋಳಿನಲ್ಲಿ ಬಲ ಇದೆ, ಬಾಣದ ಅಳತೆಯೂ ಸರಿ ಇತ್ತು. ಎಳೆದ, ಬಿಟ್ಟ. ಬಾಣ ಮುಂದೆ ಹೋಗಲಿಲ್ಲ. ಪಟ್ ಅಂತ ಸದ್ದಾಯಿತು. ಬಾಣ ಬಿಲ್ಲಿನ ಹತ್ತಿರವೇ ಸೀಳಿ, ಅದರ ಕಪ್ಪು ಎಳೆಗಳು ಅವನ ಎಡಗೈಯ ಹೆಬ್ಬೆರಳಿನ ಬುಡಕ್ಕೆ ಹೊಕ್ಕಿದ್ದವು.

ಯಾಕೆ ಹೀಗಾಯಿತು ಅಂತ ಆಮೇಲೆ ಆರ್ಚರಿ ಆಡುವವರನ್ನು ಕೇಳಿ ತಿಳಿದುಕೊಂಡೆ. ಅದು ಕಾರ್ಬನ್ ಬಾಣ. ಕಲ್ಲಿಗೆ ಬಡಿದಾಗ ಕಾರ್ಬನ್ ಒಳಗೊಳಗೇ ಬಿರುಕು ಬಿಡುತ್ತದೆ, ಮೇಲೆ ಕಾಣುವುದಿಲ್ಲ. ಗುರಿ ತಪ್ಪಿದ ಪ್ರತಿ ಬಾಣವೂ ಆ ಬಂಡೆಗೇ ಬಡಿಯುತ್ತಿತ್ತು. ಅವನ್ನೇ ಒರೆಸಿ ಮತ್ತೆ ಜನರ ಕೈಗೆ ಕೊಡುತ್ತಿದ್ದರು. ಬಿರುಕು ಬಿಟ್ಟ ಬಾಣಕ್ಕೆ ನಾಣಿನ ಹೊಡೆತ ಒಮ್ಮೆಗೇ ಬಿದ್ದರೆ ಅದು ಬಗ್ಗಿ ಸೀಳುತ್ತದೆ. ಆಗ ಎದುರಿಗೆ ಸಿಗುವುದು ಬಿಲ್ಲು ಹಿಡಿದ ಕೈ. ಬಾಣದ ಎರಡು ತುದಿ ಹಿಡಿದು, ಮುಖದಿಂದ ದೂರ ಇಟ್ಟುಕೊಂಡು ಮೆಲ್ಲಗೆ ಬಗ್ಗಿಸಬೇಕು. ತಿರುಗಿಸಿ ತಿರುಗಿಸಿ ನೋಡಬೇಕು. ಚಟಚಟ ಸದ್ದು ಬಂದರೆ, ಉಗುರಿಗೆ ಸೀಳು ತಗುಲಿದರೆ ಆ ಬಾಣ ಎಸೆಯಬೇಕು. ಅರ್ಧ ನಿಮಿಷದ ಕೆಲಸ. ಇದನ್ನು ಮಾಡಿದ್ದರೆ ನನ್ನ ತಮ್ಮ ಇವತ್ತು ಎಡಗೈಯಲ್ಲಿ ಲೋಟ ಹಿಡಿಯಲು ಕಷ್ಟಪಡುತ್ತಿರಲಿಲ್ಲ.

ಗೈಡ್ ಚೂರುಗಳನ್ನು ಅಲ್ಲೇ ಕಿತ್ತು ಅರಿಶಿನ ಹಚ್ಚಲು ಬಂದ. ಭಾವ ಬಿಡಲಿಲ್ಲ. ಆಳಕ್ಕೆ ಹೊಕ್ಕಿದ್ದನ್ನು ಎಳೆಯಬಾರದು, ಅಲುಗಾಡದ ಹಾಗೆ ಬಟ್ಟೆ ಸುತ್ತಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಪ್ರಥಮ ಚಿಕಿತ್ಸೆ ಪೆಟ್ಟಿಗೆಯೂ ಇರಲಿಲ್ಲ. ಅಕ್ಕನ ದುಪಟ್ಟಾ ಸುತ್ತಿ ಗಂಗಾವತಿಗೆ ಕರೆದುಕೊಂಡು ಹೋದೆವು. ಒಂದು ವಿಷಯ ಎಲ್ಲರೂ ನೆನಪಿಡಿ: ಕಾರ್ಬನ್ ಎಳೆ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ. ಎಕ್ಸ್‌ರೇ ಸ್ವಚ್ಛ ಇದೆ ಅಂತ ಕಳಿಸಿಬಿಟ್ಟರೆ ಚೂರು ಒಳಗೇ ಉಳಿದು ಕೀವಾಗಬಹುದು. ಚುಚ್ಚಿದ್ದು ಕಾರ್ಬನ್ ಬಾಣ ಅಂತ ವೈದ್ಯರಿಗೆ ಮೊದಲೇ ಹೇಳಿ, ಮುರಿದ ಬಾಣವನ್ನೂ ತೋರಿಸಿ. ನಮಗೆ ಸಿಕ್ಕ ವೈದ್ಯರು ತಿಳಿದವರು. ಅಲ್ಟ್ರಾಸೌಂಡ್ ಮಾಡಿಸಿ ಹುಡುಕಿ ತೆಗೆದರು, ಧನುರ್ವಾಯು ಚುಚ್ಚುಮದ್ದು ಕೊಟ್ಟರು. ಹೆಬ್ಬೆರಳು ಪೂರ್ತಿ ಮಡಚಲು ಇನ್ನೂ ಆಗುತ್ತಿಲ್ಲ. ವ್ಯಾಯಾಮ ನಡೆದಿದೆ.

ಇನ್ನೊಂದು ಮಾತು ಬಾಕಿ ಇದೆ. ಆಟ ಶುರುವಾಗುವ ಮುಂಚೆ ಮರದ ಮೇಲೆ ಮುಸುವಗಳು ಕೂತಿದ್ದವು. "ಬೇಕಾದ್ರ ಅವಕ್ಕೊಂದು ಬಿಡ್ರಿ, ಓಡ್ತಾವ" ಅಂದ ಆ ಗೈಡ್. ಆಂಜನೇಯ ಹುಟ್ಟಿದ ಬೆಟ್ಟ ಅಂತ ಜನ ಕೈ ಮುಗಿಯುವ ಊರಿನಲ್ಲಿ, ಅದೂ ಮಗುವಿನ ಎದುರು! ಮುಸುವ, ನವಿಲು ಎರಡಕ್ಕೂ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. 1972ರ ಆ ಕಾಯ್ದೆಯಲ್ಲಿ ಆಯುಧ ಅಂದರೆ ಏನು ಅಂತ ಹೇಳುವಾಗ ಬಂದೂಕಿನ ಜೊತೆಗೆ ಬಿಲ್ಲು-ಬಾಣವನ್ನೂ ಸೇರಿಸಿದ್ದಾರೆ. ಅಭಯಾರಣ್ಯದೊಳಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ. ಆನೆಗೊಂದಿ ಸುತ್ತ ಚಿರತೆ, ಕರಡಿ ತಿರುಗಾಡುವ ಗುಡ್ಡಗಳಿವೆ. ಇಲ್ಲಿನ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಪ್ರದೇಶ ಅಂತ ಘೋಷಿಸಿದ್ದಾರೆ. ಕಾಡಿಗೆ ಕರೆದೊಯ್ಯುತ್ತೇವೆ ಅಂದವರನ್ನು ಇದು ನಿಮ್ಮ ಪಟ್ಟಾ ಜಮೀನೋ, ಅರಣ್ಯ ಇಲಾಖೆಯದೋ ಅಂತ ಕೇಳಿ. ಅನುಮತಿ ಪತ್ರ ತೋರಿಸಿ ಅನ್ನಿ. ಅರಣ್ಯ ಇಲಾಖೆಯ ಸಹಾಯವಾಣಿ 1926.

ಮಾಲೀಕರನ್ನು ಮರುದಿನ ಕಂಡೆವು. ಮುಂಚೆ ಸಹಿ ಹಾಕಿಸಿಕೊಂಡಿದ್ದ ಕಾಗದ ತೋರಿಸಿದರು. ಏನಾದರೂ ಆದರೆ ನಾವು ಹೊಣೆಯಲ್ಲ ಅಂತ ಸಣ್ಣ ಅಕ್ಷರದಲ್ಲಿ ಇತ್ತು. ಆ ಕಾಗದಕ್ಕೆ ಹೆದರಿ ಸುಮ್ನೆ ಕೂರಬೇಡಿ. ದುಡ್ಡು ತೆಗೆದುಕೊಂಡು ಕೊಡುವ ಸೇವೆಯಲ್ಲಿ ಕೊರತೆ ಇದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಳುವ ಹಕ್ಕು ನಮಗಿದೆ. ನಾವು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿದ್ದೇವೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಕಾಗದ ಪತ್ರ ಸೇರಿಸುತ್ತಿದ್ದೇವೆ.

ಅಲ್ಲಿ ರಸೀದಿ ಕೊಡಲಿಲ್ಲ. ಫೋನ್‌ನಿಂದ ಕಳಿಸಿದ ದುಡ್ಡಿನ ವಿವರವೇ ಈಗ ನಮ್ಮ ಆಧಾರ. ಮುರಿದ ಬಾಣ ತಮ್ಮನ ಕೋಣೆಯಲ್ಲಿದೆ, ಮಾಲೀಕರು ವಾಪಸ್ ಕೇಳಿದರು, ಕೊಡಲಿಲ್ಲ. ಗುರಿಹಲಗೆ, ಬಂಡೆ, ಪಕ್ಕದ ಕಾಲುದಾರಿ ಮೂರೂ ಒಟ್ಟಿಗೆ ಕಾಣುವ ಒಂದು ಫೋಟೊ ಅಕ್ಕನ ಫೋನಿನಲ್ಲಿ ಸಿಕ್ಕಿತು. ಅದೇ ಸುತ್ತಮುತ್ತ ನಿಮಗೂ ಇಂಥ ಪೆಟ್ಟಾಗಿದ್ದರೆ ಆಸ್ಪತ್ರೆ ಚೀಟಿ, ದುಡ್ಡು ಕಳಿಸಿದ ವಿವರ ತೆಗೆದಿಡಿ, ನೀವೂ 1915ರಲ್ಲಿ ಬರೆಸಿ. ಒಬ್ಬರ ದೂರಿಗಿಂತ ನಾಲ್ಕು ಮನೆಯವರ ದೂರಿಗೆ ಬೇಗ ಓಗೊಡುತ್ತಾರೆ.